ಸಿನಿಮಾ ಹ್ಯಾಕರ್‌ಗೆ ಎರಡು ನಿಮಿಷ ಸಾಕು, ನಿಜವಾದವನು ಒಂದು ವರ್ಷ ಕಾಯುತ್ತಾನೆ

ಪ್ರಶ್ನೆ: ನಮ್ಮ ಮನೆಯಲ್ಲಿ ಎಲ್ಲರಿಗೂ ಥ್ರಿಲ್ಲರ್ ಸಿನಿಮಾ, ವೆಬ್ ಸೀರೀಸ್ ಅಂದ್ರೆ ಇಷ್ಟ. ಹ್ಯಾಕರ್ ಪಾತ್ರ ಬಂತು ಅಂದ್ರೆ ಕೀಬೋರ್ಡ್ ಮೇಲೆ ಟಕಟಕ ಬೆರಳಾಡಿಸಿ, ಎರಡೇ ನಿಮಿಷದಲ್ಲಿ ಬ್ಯಾಂಕಿನ ಒಳಗೋ ಪೊಲೀಸರ ಕಂಪ್ಯೂಟರ್ ಒಳಗೋ ನುಗ್ಗಿಬಿಡುತ್ತಾನೆ. ಪಿಯುಸಿ ಓದುವ ನನ್ನ ಮಗ ಇದನ್ನೆಲ್ಲ ನೋಡಿ ಸೈಬರ್ ಸೆಕ್ಯುರಿಟಿಯೇ ಓದಬೇಕು ಅಂತ ಹಟ ಹಿಡಿದಿದ್ದಾನೆ. ಇದರಲ್ಲಿ ನಿಜ ಎಷ್ಟು? ಸರಿಯಾಗಿ ತೋರಿಸಿದವರು ಯಾರಾದರೂ ಇದ್ದಾರಾ? ಮಗನಿಗೆ ಏನು ಹೇಳಲಿ?

ಉತ್ತರ: ಕಂಪನಿಗಳು ಕರೆದಾಗ ಹೋಗಿ, ಅವರ ಕಂಪ್ಯೂಟರ್ ಜಾಲದಲ್ಲಿ ಕಳ್ಳ ಎಲ್ಲಿಂದ ಒಳಗೆ ಬರಬಹುದು ಅಂತ ಹುಡುಕಿ ಕೊಡುವುದು ನನ್ನ ಕೆಲಸ. ಆದ್ದರಿಂದ ನಿಮ್ಮ ಪ್ರಶ್ನೆ ನೋಡಿ ಖುಷಿಯಾಯಿತು. ತೆರೆಯ ಮೇಲೆ ಸುರಿಯುವ ಹಸಿರು ಅಕ್ಷರ, ತಿರುಗುವ ಭೂಗೋಳ, ಕೆಂಪು ಡಬ್ಬಿಯಲ್ಲಿ ಮಿನುಗುವ ‘ಆಕ್ಸೆಸ್ ಡಿನೈಡ್’, ಇದೆಲ್ಲ ಬರೀ ಅಲಂಕಾರ ಅನ್ನುವುದು ನಿಮಗೂ ಗೊತ್ತು. ಅದರ ಬಗ್ಗೆ ನನಗೆ ತಕರಾರಿಲ್ಲ. ನಿಜವಾದ ಪರದೆ ಕಪ್ಪು ಹಿನ್ನೆಲೆಯ ಮೇಲೆ ನಾಲ್ಕು ಸಾಲು ಅಕ್ಷರ. ಅದನ್ನು ಎರಡು ಗಂಟೆ ಯಾರು ನೋಡ್ತಾರೆ? ನನಗೆ ಚುಚ್ಚುವ ಸುಳ್ಳು ಬೇರೆ ಎರಡಿವೆ. ಹ್ಯಾಕಿಂಗ್‌ಗೆ ಎಷ್ಟು ಸಮಯ ಬೇಕು ಅನ್ನುವುದು ಒಂದು. ಬಾಗಿಲು ತೆರೆದುಕೊಟ್ಟವರು ಯಾರು ಅನ್ನುವುದು ಇನ್ನೊಂದು.

ನಿಜವಾದ ಒಂದು ಬ್ಯಾಂಕ್ ಕಳವಿನ ಕಥೆ ಹೇಳುತ್ತೇನೆ. ಬಾಂಗ್ಲಾದೇಶ ಬ್ಯಾಂಕ್ ಆ ದೇಶದ ರಿಸರ್ವ್ ಬ್ಯಾಂಕ್ ಇದ್ದ ಹಾಗೆ. ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿ ಅದರ ಡಾಲರ್ ಖಾತೆ ಇತ್ತು. 2016ರ ಫೆಬ್ರವರಿ 4, ಗುರುವಾರ ರಾತ್ರಿ, ಢಾಕಾದ ಸಿಬ್ಬಂದಿ ಮನೆಗೆ ಹೋದ ಮೇಲೆ, ಆ ಖಾತೆಯಿಂದ ಹಣ ಕಳಿಸಿ ಅಂತ ಕಳ್ಳರು 35 ಆದೇಶ ಕಳಿಸಿದರು. ಒಟ್ಟು ಮೊತ್ತ 95.1 ಕೋಟಿ ಡಾಲರ್. ಗುರುವಾರ ಯಾಕೆ? ಬಾಂಗ್ಲಾದೇಶದಲ್ಲಿ ಶುಕ್ರವಾರ, ಶನಿವಾರ ರಜೆ. ಅಲ್ಲಿ ಗೊತ್ತಾಗುವ ಹೊತ್ತಿಗೆ ಅಮೆರಿಕದಲ್ಲಿ ಶನಿವಾರ, ಭಾನುವಾರದ ರಜೆ. ಹಣ ಹೋಗಬೇಕಾಗಿದ್ದು ಫಿಲಿಪ್ಪೀನ್ಸ್‌ಗೆ. ಅಲ್ಲಿ ಸೋಮವಾರ ಚೀನೀ ಹೊಸ ವರ್ಷದ ರಜೆ. ಮೂರು ದೇಶದ ಕ್ಯಾಲೆಂಡರ್ ಪಕ್ಕಪಕ್ಕ ಇಟ್ಟುಕೊಂಡು ದಿನ ಆರಿಸಿದ್ದರು.

ಇದಕ್ಕೆಲ್ಲ ತಯಾರಿ ಶುರುವಾಗಿದ್ದು ಸುಮಾರು ಒಂದು ವರ್ಷ ಮೊದಲು, 2015ರ ಜನವರಿಯಲ್ಲಿ. ಬ್ಯಾಂಕಿನ ಕೆಲವು ನೌಕರರಿಗೆ ಒಂದು ಇಮೇಲ್ ಬಂತು. ಕೆಲಸ ಕೇಳಿ ಬರೆದ ವಿನಯದ ಪತ್ರ, ನನ್ನ ರೆಸ್ಯೂಮೆ ಇಲ್ಲಿದೆ ಅಂತ ಒಂದು ಲಿಂಕ್. ಯಾರೋ ಕ್ಲಿಕ್ ಮಾಡಿದರು. ಕಳ್ಳರು ಒಳಗೆ ಬಂದಿದ್ದು ಹೀಗೆ. ಬಂದವರು ತಕ್ಷಣ ಏನೂ ಕದಿಯಲಿಲ್ಲ. ತಿಂಗಳುಗಟ್ಟಲೆ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ದಾಟುತ್ತಾ, ನೌಕರರು ಹೇಗೆ ಕೆಲಸ ಮಾಡುತ್ತಾರೆ ಅಂತ ಕಲಿತರು. ಅದೇ ವರ್ಷ ಮೇ ತಿಂಗಳಲ್ಲಿ ಮನಿಲಾದ ಒಂದು ಬ್ಯಾಂಕ್ ಶಾಖೆಯಲ್ಲಿ ಸುಳ್ಳು ಹೆಸರಿನ ಖಾತೆ ತೆರೆದು, ಅವನ್ನು ಮುಟ್ಟದೆ ಹಾಗೇ ಬಿಟ್ಟರು.

ಬ್ಯಾಂಕುಗಳು ಒಂದಕ್ಕೊಂದು ಹಣದ ಆದೇಶ ಕಳಿಸುವ ಜಾಲಕ್ಕೆ ಸ್ವಿಫ್ಟ್ ಅನ್ನುತ್ತಾರೆ. ಅದರ ಸಾಫ್ಟ್‌ವೇರ್ ಒಂದು ಕಡೆ ‘ಈ ಪರೀಕ್ಷೆಯಲ್ಲಿ ಪಾಸಾಯಿತಾ?’ ಅಂತ ನೋಡಿ, ಪಾಸಾಗದಿದ್ದರೆ ಬೇರೆ ದಾರಿ ಹಿಡಿಯುತ್ತಿತ್ತು. ಕಳ್ಳರು ಅಲ್ಲಿ ಬದಲಿಸಿದ್ದು ಬರೀ 2 ಬೈಟ್, ಅಂದರೆ ಎರಡು ಇಂಗ್ಲಿಷ್ ಅಕ್ಷರ ಹಿಡಿಯುವಷ್ಟು ಜಾಗ. ಆ ಎರಡು ಬೈಟ್ ಜಾಗದಲ್ಲಿ ‘ಏನೂ ಮಾಡಬೇಡ’ ಅನ್ನುವ ಆಜ್ಞೆ ಕೂರಿಸಿದರು. ಆಮೇಲೆ ಆ ಪರೀಕ್ಷೆ ಯಾವಾಗಲೂ ಪಾಸ್. ನನ್ನ ವೃತ್ತಿಯವರು ಮೈ ಝುಂ ಅನ್ನಿಸಿಕೊಂಡು ಓದುವ ಭಾಗ ಇದು. ಆದರೆ ಕ್ಯಾಮೆರಾಕ್ಕೆ ಇಲ್ಲಿ ತೋರಿಸಲು ಏನಿದೆ ಹೇಳಿ?

ಪ್ರತಿ ಆದೇಶವನ್ನೂ ಕಾಗದದ ಮೇಲೆ ಅಚ್ಚು ಹಾಕುವ ಒಂದು ಪ್ರಿಂಟರ್ ಬ್ಯಾಂಕಿನಲ್ಲಿತ್ತು. ಕಳ್ಳರು ಅದನ್ನೂ ಕೆಡಿಸಿದ್ದರು. ಶುಕ್ರವಾರ ಬೆಳಗ್ಗೆ ಪ್ರಿಂಟರ್ ಓಡದಿದ್ದಾಗ ಸಿಬ್ಬಂದಿಗೆ ಅನುಮಾನ ಬರಲಿಲ್ಲ. ಪ್ರಿಂಟರ್ ಕೆಡುವುದು ಹೊಸತಾ?

ಕಳ್ಳರ ಆಟ ಪೂರ್ತಿ ನಡೆಯಲಿಲ್ಲ. ತಡೆದದ್ದು ಯಾವ ಹೀರೋನೂ ಅಲ್ಲ. ಮನಿಲಾದ ಆ ಶಾಖೆ ಇದ್ದ ಬೀದಿಯ ಹೆಸರು ಜುಪಿಟರ್. ಅಮೆರಿಕ ನಿರ್ಬಂಧ ಹೇರಿದ್ದ ಪಟ್ಟಿಯಲ್ಲೂ ಜುಪಿಟರ್ ಅನ್ನುವ ಹೆಸರೊಂದಿತ್ತು. ಕಳ್ಳತನಕ್ಕೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಆದರೂ ಹೆಸರು ಹೊಂದಿಕೆಯಾಯಿತು ಅಂತ ನ್ಯೂಯಾರ್ಕಿನಲ್ಲಿ ಬಹುಪಾಲು ಆದೇಶಗಳು ನಿಂತವು. ಶ್ರೀಲಂಕಾಕ್ಕೆ ಹೊರಟಿದ್ದ 2 ಕೋಟಿ ಡಾಲರ್ ‘ಫೌಂಡೇಶನ್’ ಅನ್ನುವುದನ್ನು ‘ಫ್ಯಾಂಡೇಶನ್’ ಅಂತ ತಪ್ಪಾಗಿ ಟೈಪ್ ಮಾಡಿದ್ದರಿಂದ ಸಿಕ್ಕಿಬಿತ್ತು. ಉಳಿದ 8.1 ಕೋಟಿ ಡಾಲರ್ ಫಿಲಿಪ್ಪೀನ್ಸ್ ತಲುಪಿ, ಅದರ ಬಹುಪಾಲು ಅಲ್ಲಿನ ಜೂಜುಕೇಂದ್ರಗಳಲ್ಲಿ ಕರಗಿಹೋಯಿತು.

ಇಡೀ ಕಥೆಯಲ್ಲಿ ಯಾರಾದರೂ ಜೋರಾಗಿ ಟೈಪ್ ಮಾಡಿದ್ದು ಕಂಡಿತಾ? ಒಂದು ಇಮೇಲ್, ಒಂದು ಕ್ಲಿಕ್, ಆಮೇಲೆ ವರ್ಷವಿಡೀ ತಾಳ್ಮೆ. ಹೆಚ್ಚಿನ ದೊಡ್ಡ ಪ್ರಕರಣಗಳು ಹೀಗೇ. 2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ನಿಂತು, ಪೂರ್ವ ಕರಾವಳಿಯ ಬಂಕುಗಳ ಮುಂದೆ ಕ್ಯೂ ಬೆಳೆಯಿತಲ್ಲ, ಅಲ್ಲಿ ಕಳ್ಳರು ಹೊಕ್ಕಿದ್ದು ಯಾರೂ ಬಳಸದೆ ಬಿಟ್ಟಿದ್ದ ಒಂದು ಹಳೆಯ ಖಾತೆಯ ಪಾಸ್‌ವರ್ಡ್ ಹಿಡಿದು. ಅದಕ್ಕೆ ಒಟಿಪಿಯಂಥ ಎರಡನೇ ಬೀಗ ಇರಲಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. ಸರಿಯಾಗಿ ತೋರಿಸಿದವರು ಇದ್ದಾರೆ. ಒಂದೇ ಹೆಸರು ಹೇಳಿ ಅಂದರೆ ‘ಮಿಸ್ಟರ್ ರೋಬಾಟ್’. 2015ರಿಂದ 2019ರವರೆಗೆ ಬಂದ ಅಮೆರಿಕದ ಸರಣಿ. ಸ್ಯಾಮ್ ಇಸ್ಮೇಲ್ ಮಾಡಿದ್ದು, ರಾಮಿ ಮಲೆಕ್ ಮುಖ್ಯ ಪಾತ್ರ. ಹ್ಯಾಕಿಂಗ್ ದೃಶ್ಯಗಳನ್ನು ತಿದ್ದಲು ಈ ಕೆಲಸ ಬಲ್ಲವರನ್ನೇ ಕೂರಿಸಿಕೊಂಡಿದ್ದರು. ಪರದೆಯ ಮೇಲೆ ಬರುವ ಆಜ್ಞೆಗಳು ನಾವು ದಿನಾ ಬಳಸುವಂಥವೇ. ಆದರೆ ನಾನು ಅದನ್ನು ಮೆಚ್ಚುವುದು ಆ ಆಜ್ಞೆಗಳಿಗಾಗಿ ಅಲ್ಲ.

ಮೊದಲ ಕಂತಿನಲ್ಲೇ ಒಂದು ದೃಶ್ಯವಿದೆ. ನಾಯಕ ಎಲಿಯಟ್‌ಗೆ ಒಬ್ಬನ ಪಾಸ್‌ವರ್ಡ್ ಬೇಕು. ಅವನು ಕೀಬೋರ್ಡ್ ಮುಟ್ಟುವ ಮೊದಲು ಫೋನ್ ಎತ್ತುತ್ತಾನೆ. ‘ಸರ್, ನಿಮ್ಮ ಬ್ಯಾಂಕಿನ ವಂಚನೆ ತಡೆ ವಿಭಾಗದಿಂದ ಕರೆ ಮಾಡುತ್ತಿದ್ದೇನೆ’ ಅನ್ನುವ ಧಾಟಿ. ನಿಮ್ಮ ಖಾತೆಗೆ ತೊಂದರೆಯಾಗಿದೆ, ನೀವೇ ಹೌದಾ ಅಂತ ಖಾತ್ರಿ ಮಾಡಿಕೊಳ್ಳಬೇಕು. ವಿಳಾಸ ಹೇಳಿ, ಇಷ್ಟದ ತಂಡ ಯಾವುದು, ನಾಯಿಯ ಹೆಸರೇನು. ಆ ಮನುಷ್ಯ ಸ್ವಲ್ಪ ಅನುಮಾನಪಟ್ಟರೂ ಹೇಳಿಬಿಡುತ್ತಾನೆ. ಆಮೇಲೆ ಕಂಪ್ಯೂಟರ್ ಕೆಲಸ ಸುಲಭ. ಆ ಮೂರ್ನಾಲ್ಕು ಉತ್ತರಗಳನ್ನು ಬೇರೆ ಬೇರೆ ಥರ ಜೋಡಿಸಿ ನೋಡಿದರೆ ಆಯಿತು. ತನ್ನ ಮನೋವೈದ್ಯೆಯ ಪಾಸ್‌ವರ್ಡ್ ಕೂಡ ಅವನು ಹೀಗೇ ಊಹಿಸುತ್ತಾನೆ. ಅವಳಿಗೆ ಇಷ್ಟದ ಗಾಯಕನ ಹೆಸರು, ಪಕ್ಕದಲ್ಲಿ ಹುಟ್ಟಿದ ವರ್ಷವನ್ನು ತಿರುಗಿಸಿ ಬರೆದಿದ್ದು.

ಆ ಫೋನ್ ಕರೆ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ‘ಕೆವೈಸಿ ಮುಗಿದಿದೆ ಮೇಡಂ, ಇವತ್ತೇ ಅಪ್‌ಡೇಟ್ ಮಾಡದಿದ್ದರೆ ಖಾತೆ ಬಂದ್ ಆಗುತ್ತೆ’ ಅಂತ ನಮ್ಮ ಊರುಗಳಿಗೆ ಬರುವ ಕರೆಯೂ ಇದೇ. ಹೆದರಿಸು, ಅವಸರ ಮಾಡು, ಯೋಚಿಸಲು ಬಿಡಬೇಡ. ನಾವು ಪರೀಕ್ಷೆಗೆಂದು, ಕಂಪನಿಯ ಲಿಖಿತ ಒಪ್ಪಿಗೆ ಪಡೆದು, ಇಂಥ ಕರೆ ಮಾಡುವುದುಂಟು. ಬುದ್ಧಿವಂತರು, ಒಳ್ಳೆಯ ಓದು ಓದಿದವರು, ಸಹಾಯ ಮಾಡುವ ಮನಸ್ಸಿರುವವರು ಪಾಸ್‌ವರ್ಡ್ ಹೇಳಿಬಿಡುತ್ತಾರೆ. ಅವರನ್ನು ದಡ್ಡರು ಅಂತ ನಾನು ಯಾವತ್ತೂ ವರದಿಯಲ್ಲಿ ಬರೆಯುವುದಿಲ್ಲ. ಅವರು ತಮ್ಮ ಕೆಲಸವನ್ನು ಚೆನ್ನಾಗಿ ಮಾಡಲು ಹೋಗಿ ಸಿಕ್ಕಿಬಿದ್ದವರು.

ಅದೇ ಸರಣಿಯಲ್ಲಿ ಪೊಲೀಸ್ ಠಾಣೆಯ ಹೊರಗೆ ಪೆನ್‌ಡ್ರೈವ್‌ಗಳನ್ನು ಬೀಳಿಸಿ ಹೋಗುವ ದೃಶ್ಯವಿದೆ. ಪೊಲೀಸನೊಬ್ಬ ಎತ್ತಿಕೊಂಡು ಹೋಗಿ ಕಂಪ್ಯೂಟರ್‌ಗೆ ಚುಚ್ಚುತ್ತಾನೆ. ಅಷ್ಟರಲ್ಲಿ ಆಂಟಿವೈರಸ್ ಹಿಡಿದುಬಿಡುತ್ತದೆ, ಪ್ರಯತ್ನ ಫೇಲ್. ನಾಯಕನ ಯೋಜನೆ ಹೀಗೆ ನೆಲಕಚ್ಚುವುದನ್ನು ತೋರಿಸಿದ್ದಕ್ಕೆ ನಾನು ಎದ್ದು ಚಪ್ಪಾಳೆ ಹೊಡೆಯುತ್ತೇನೆ. ನಮ್ಮ ಕೆಲಸದಲ್ಲಿ ಫೇಲ್ ಆಗುವುದೇ ಜಾಸ್ತಿ. ಬಿದ್ದ ಪೆನ್‌ಡ್ರೈವ್ ಜನ ನಿಜಕ್ಕೂ ಎತ್ತಿ ಚುಚ್ಚುತ್ತಾರಾ ಅಂತ ಕೇಳಬಹುದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಆವರಣದಲ್ಲಿ ಸಂಶೋಧಕರು 297 ಪೆನ್‌ಡ್ರೈವ್ ಬೀಳಿಸಿ ನೋಡಿದರು. ಕನಿಷ್ಠ 45 ಶೇಕಡಾ ಡ್ರೈವ್‌ಗಳಲ್ಲಿದ್ದ ಫೈಲ್‌ಗಳನ್ನು ಯಾರೋ ತೆರೆದಿದ್ದರು.

ಹಳೆಯದರಲ್ಲಿ 1983ರ ‘ವಾರ್‌ಗೇಮ್ಸ್’ ನೋಡಿ. ಶಾಲಾ ಹುಡುಗನೊಬ್ಬ, ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಮೋಡೆಮ್‌ನಿಂದ ಒಂದು ಊರಿನ ಫೋನ್ ನಂಬರುಗಳಿಗೆಲ್ಲ ಸಾಲಾಗಿ ಡಯಲ್ ಮಾಡಿ, ಯಾವ ತುದಿಯಲ್ಲಿ ಕಂಪ್ಯೂಟರ್ ಉತ್ತರಿಸುತ್ತದೆ ಅಂತ ಹುಡುಕುತ್ತಾನೆ. ಆ ಕಾಲದಲ್ಲಿ ನಿಜವಾಗಿ ನಡೆಯುತ್ತಿದ್ದ ವಿಧಾನ ಅದು. ಶಾಲೆಯ ಕಂಪ್ಯೂಟರ್‌ನ ಪಾಸ್‌ವರ್ಡ್ ಹೇಗೆ ಸಿಗುತ್ತದೆ ಗೊತ್ತಾ? ಕಚೇರಿಯ ಮೇಜಿಗೆ ಅಂಟಿಸಿದ ಚೀಟಿಯಲ್ಲಿ. ಹೊಸ ಪಾಸ್‌ವರ್ಡ್ ಬಂದಾಗ ಹಳೆಯದನ್ನು ಹೊಡೆದು ಕೆಳಗೆ ಬರೆದಿರುತ್ತಾರೆ. ನಮ್ಮಲ್ಲಿ ಇವತ್ತಿಗೂ ಎಷ್ಟೋ ಕಚೇರಿಗಳಲ್ಲಿ ಮಾನಿಟರ್ ಅಂಚಿನಲ್ಲಿ ಆ ಚೀಟಿ ಇದೆ.

ಆ ಸಿನಿಮಾವನ್ನು ಅಮೆರಿಕದ ಅಧ್ಯಕ್ಷ ರೇಗನ್ ಬಿಡುಗಡೆಯಾದ ವಾರವೇ ನೋಡಿದರು. ಇಂಥದ್ದು ನಿಜಕ್ಕೂ ನಡೆಯಬಹುದಾ ಅಂತ ಸೇನಾ ಮುಖ್ಯಸ್ಥ ಜನರಲ್ ಜಾನ್ ವೆಸಿಯನ್ನು ಕೇಳಿದರು. ಅವರು ವಿಚಾರಿಸಿ ಒಂದು ವಾರದ ನಂತರ ಬಂದು, ಪರಿಸ್ಥಿತಿ ನೀವಂದುಕೊಂಡಿದ್ದಕ್ಕಿಂತ ಕೆಟ್ಟದಾಗಿದೆ ಅಂದರು. 1984ರ ಸೆಪ್ಟೆಂಬರ್‌ನಲ್ಲಿ ಸರ್ಕಾರಿ ಕಂಪ್ಯೂಟರ್‌ಗಳ ಭದ್ರತೆಗೆ ಹೊಸ ಆದೇಶ ಹೊರಬಿತ್ತು. ಒಂದು ಸಿನಿಮಾ ಇಷ್ಟು ಮಾಡಿದೆ. ಹಾಗಾಗಿ ‘ಅದು ಬರೀ ಮನರಂಜನೆ ಬಿಡಿ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

2003ರ ‘ದಿ ಮೇಟ್ರಿಕ್ಸ್ ರೀಲೋಡೆಡ್’ನಲ್ಲೂ ಕೆಲವೇ ಸೆಕೆಂಡಿನ ಒಂದು ಒಳ್ಳೆಯ ದೃಶ್ಯವಿದೆ. ನಾಯಕಿ ಟ್ರಿನಿಟಿ ಎನ್‌ಮ್ಯಾಪ್ ಅನ್ನುವ ನಿಜವಾದ ಉಪಕರಣ ಓಡಿಸಿ, ಒಂದು ಕಂಪ್ಯೂಟರ್‌ನ 22ನೇ ಪೋರ್ಟ್, ಅಂದರೆ ಜಾಲದಿಂದ ಒಳಬರುವ ಒಂದು ಬಾಗಿಲು, ತೆರೆದಿದೆ ಅಂತ ಕಂಡುಕೊಂಡು, 2001ರಲ್ಲಿ ಪತ್ತೆಯಾಗಿದ್ದ ನಿಜವಾದ ಒಂದು ದೋಷವನ್ನು ಬಳಸಿ ಒಳಗೆ ಹೋಗುತ್ತಾಳೆ. ರಿಪೇರಿ ಬಂದು ಎರಡು ವರ್ಷವಾದರೂ ಅಪ್‌ಡೇಟ್ ಹಾಕದ ಕಂಪ್ಯೂಟರ್! ಆ ಇಡೀ ಸಿನಿಮಾದಲ್ಲಿ ಇದಕ್ಕಿಂತ ನಂಬುವಂಥದ್ದು ಬೇರೆ ಇಲ್ಲ.

ಇನ್ನು ತಪ್ಪುಗಳು. ನನ್ನ ಗೆಳೆಯರೆಲ್ಲ ಮೊದಲು ನೆನೆಯುವುದು ‘ಎನ್‌ಸಿಐಎಸ್’ ಧಾರಾವಾಹಿಯಲ್ಲಿ ಇಬ್ಬರು ಒಂದೇ ಕೀಬೋರ್ಡ್ ಮೇಲೆ ನಾಲ್ಕು ಕೈ ಇಟ್ಟು ದಾಳಿ ತಡೆಯಲು ನೋಡುವ ದೃಶ್ಯ. ಅದನ್ನು ಯಾರೂ ನಂಬುವುದಿಲ್ಲ, ಹಾಗಾಗಿ ಅದರಿಂದ ನಷ್ಟವೂ ಇಲ್ಲ. ಇಂಟರ್ನೆಟ್‌ನಲ್ಲಿ ಕಂಪ್ಯೂಟರನ್ನು ಗುರುತಿಸುವ ಸಾಮಾನ್ಯ ಐಪಿ ವಿಳಾಸದ ಯಾವ ಸಂಖ್ಯೆಯೂ 255 ದಾಟುವುದಿಲ್ಲ. ತೆರೆಯ ಮೇಲೆ ಅದಕ್ಕಿಂತ ದೊಡ್ಡ ಸಂಖ್ಯೆ ತೋರಿಸುವುದಂತೂ ಎಷ್ಟೋ ಸಲ ಬೇಕೆಂದೇ ಮಾಡಿದ್ದು. ಯಾರದ್ದೋ ನಿಜವಾದ ವಿಳಾಸ ತೆರೆಯ ಮೇಲೆ ಬರಬಾರದಲ್ಲ.

ಆದರೆ ಪಾಸ್‌ವರ್ಡ್ ಒಂದೊಂದೇ ಅಕ್ಷರವಾಗಿ ಬಯಲಾಗುವ ದೃಶ್ಯ ಇದೆಯಲ್ಲ, ಅದನ್ನು ಬಹಳ ಜನ ನಂಬಿದ್ದಾರೆ. ಮೊದಲ ಅಕ್ಷರ ಸಿಕ್ಕಿತು, ಎರಡನೆಯದು ಸಿಕ್ಕಿತು ಅಂತ ಒಂದೊಂದಾಗಿ ಬೀಳುತ್ತಾ ಹೋಗುತ್ತದೆ. ‘ವಾರ್‌ಗೇಮ್ಸ್’ ಕೂಡ ಕೊನೆಯಲ್ಲಿ ಇದನ್ನೇ ಮಾಡುತ್ತದೆ. ಲೆಕ್ಕ ಹಾಕಿ ನೋಡಿ. ಇಂಗ್ಲಿಷಿನ 26 ಸಣ್ಣಕ್ಷರಗಳಿಂದ ಮಾಡಿದ 8 ಅಕ್ಷರದ ಪಾಸ್‌ವರ್ಡ್ ಅಂದುಕೊಳ್ಳಿ. ಪ್ರತಿ ಅಕ್ಷರ ಸರಿಯೋ ತಪ್ಪೋ ಅಂತ ಬೇರೆಬೇರೆಯಾಗಿ ಗೊತ್ತಾಗುವುದಾದರೆ ಹೆಚ್ಚೆಂದರೆ 208 ಪ್ರಯತ್ನ ಸಾಕು. ಇಡೀ ಪಾಸ್‌ವರ್ಡ್ ಒಟ್ಟಿಗೆ ಸರಿಯಾಗಿದ್ದರೆ ಮಾತ್ರ ಬಾಗಿಲು ತೆರೆಯುವುದಾದರೆ ಸುಮಾರು 20,900 ಕೋಟಿ ಸಾಧ್ಯತೆಗಳಿವೆ. ನಿಜವಾದ ವ್ಯವಸ್ಥೆ ‘ತಪ್ಪು’ ಅಂತ ಮಾತ್ರ ಹೇಳುತ್ತದೆ, ಎಷ್ಟನೇ ಅಕ್ಷರ ತಪ್ಪು ಅಂತ ಹೇಳುವುದಿಲ್ಲ. ಅಪರೂಪಕ್ಕೆ ಹೇಳಿಬಿಟ್ಟದ್ದೂ ಉಂಟು. 1970ರ ದಶಕದ ಟೆನೆಕ್ಸ್ ಅನ್ನುವ ವ್ಯವಸ್ಥೆ ಪಾಸ್‌ವರ್ಡನ್ನು ಅಕ್ಷರ ಅಕ್ಷರವಾಗಿ ಹೋಲಿಸಿ, ತಪ್ಪು ಕಂಡಲ್ಲೇ ನಿಲ್ಲಿಸುತ್ತಿತ್ತು. ಎಲ್ಲಿ ನಿಲ್ಲಿಸಿತು ಅಂತ ಹೊರಗಿನಿಂದ ಪತ್ತೆ ಹಚ್ಚಬಹುದಾಗಿತ್ತು. ಗೊತ್ತಾದ ಮೇಲೆ ಎಲ್ಲರೂ ಎಚ್ಚೆತ್ತುಕೊಂಡರು.

ಇನ್ನೊಂದು, ‘ಇನ್ನೂ ಇಪ್ಪತ್ತು ಸೆಕೆಂಡ್ ಮಾತಾಡಿಸಿ, ಟ್ರೇಸ್ ಆಗ್ತಿದೆ’ ಅನ್ನುವುದು. ಒಂದು ಕಾಲದಲ್ಲಿ ಇದು ನಿಜವೇ. 1986ರಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟೋಲ್ ಅನ್ನುವ ಖಗೋಳ ವಿಜ್ಞಾನಿಗೆ ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ 75 ಸೆಂಟ್ ವ್ಯತ್ಯಾಸ ಕಂಡಿತು. ಅದರ ಹಿಂದೆ ಬಿದ್ದು, ಜರ್ಮನಿಯ ಹ್ಯಾನೋವರ್‌ನಲ್ಲಿ ಕೂತು ಅಮೆರಿಕದ ಸೇನಾ ಕಂಪ್ಯೂಟರ್‌ಗಳನ್ನು ಜಾಲಾಡುತ್ತಿದ್ದವನನ್ನು ಹಿಡಿಸಿದರು. ಅಲ್ಲಿನ ಹಳೆಯ ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಕರೆಯ ಮೂಲ ಹುಡುಕಲು ಹೊತ್ತು ಬೇಕಿತ್ತು. ಅವನು ಜಾಸ್ತಿ ಹೊತ್ತು ಲೈನಿನಲ್ಲಿ ಇರಲಿ ಅಂತ ಸ್ಟೋಲ್ ದೊಡ್ಡ ದೊಡ್ಡ ಸುಳ್ಳು ರಕ್ಷಣಾ ದಾಖಲೆಗಳನ್ನು ತಯಾರಿಸಿ ಕಂಪ್ಯೂಟರ್‌ನಲ್ಲಿ ಇಟ್ಟರು. ಅವನು ಓದುತ್ತಾ ಕೂತ. ಸೂಕ್ಷ್ಮವಾದದ್ದಕ್ಕೆ ಕೈ ಹಾಕಿದಾಗ ಸ್ಟೋಲ್ ತಮ್ಮ ಕೀಗೊಂಚಲನ್ನು ತಂತಿಗಳಿಗೆ ತಾಗಿಸಿ, ಲೈನ್ ಕೆಟ್ಟಿದೆ ಅನ್ನಿಸುವ ಹಾಗೆ ಮಾಡುತ್ತಿದ್ದರು.

ಈಗ ಹಾಗಿಲ್ಲ. ಕರೆ ಹೋದ ಕ್ಷಣವೇ ಯಾವ ನಂಬರ್, ಯಾವ ಟವರ್ ಅನ್ನುವುದು ಮೊಬೈಲ್ ಕಂಪನಿಯಲ್ಲಿ ದಾಖಲಾಗುತ್ತದೆ. ಎಷ್ಟು ಹೊತ್ತು ಮಾತಾಡಿದರು ಅನ್ನುವುದು ಮುಖ್ಯವೇ ಅಲ್ಲ. ಕಷ್ಟ ಬೇರೆ ಕಡೆ ಇದೆ. ಸಿಮ್ ಇನ್ಯಾರದ್ದೋ ಹೆಸರಲ್ಲಿ, ಖಾತೆ ಮತ್ಯಾರದ್ದೋ ಹೆಸರಲ್ಲಿ, ಕಳ್ಳ ಬೇರೆ ದೇಶದಲ್ಲಿ. ಪೊಲೀಸರು ಒಂದೊಂದಕ್ಕೂ ಪತ್ರ ಬರೆದು ಕಾಯಬೇಕು. ನಮ್ಮ ಜಿಲ್ಲೆಗಳಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಪೊಲೀಸ್ ಠಾಣೆಗಳಿಗೆ ಹೋಗಿ ನೋಡಿ, ತನಿಖೆಯ ಬಹುಪಾಲು ಕಾಗದಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್.

ಹಾಗಾದರೆ ಸಿನಿಮಾದ ಹಾಗೆ ಯಾವತ್ತೂ ಏನೂ ನಡೆಯುವುದಿಲ್ಲವಾ? ನಡೆದದ್ದುಂಟು. 2015ರ ಡಿಸೆಂಬರ್ 23ರಂದು ಪಶ್ಚಿಮ ಉಕ್ರೇನಿನ ಒಂದು ವಿದ್ಯುತ್ ಕಂಪನಿಯ ನಿಯಂತ್ರಣ ಕೋಣೆಯಲ್ಲಿ, ಸಿಬ್ಬಂದಿಯ ಕಣ್ಣೆದುರೇ ಮೌಸ್ ಬಾಣ ತಾನಾಗಿ ಓಡಾಡತೊಡಗಿತು. ಒಂದೊಂದೇ ಬ್ರೇಕರ್ ಮೇಲೆ ಹೋಗಿ ಕ್ಲಿಕ್ ಮಾಡಿ ಆರಿಸುತ್ತಾ ಹೋಯಿತು. ಸಿಬ್ಬಂದಿ ಮೌಸ್ ಹಿಡಿದು ಎಳೆದಾಡಿದರೂ ಪ್ರಯೋಜನವಾಗಲಿಲ್ಲ. ಬಳಿಕ ಅವರ ಪಾಸ್‌ವರ್ಡೇ ಬದಲಾಗಿತ್ತು. 2 ಲಕ್ಷಕ್ಕೂ ಹೆಚ್ಚು ಜನರಿಗೆ ಚಳಿಗಾಲದ ಸಂಜೆ ಕರೆಂಟ್ ಹೋಯಿತು. ಜನ ಫೋನ್ ಮಾಡಿ ದೂರು ಕೊಡಬಾರದು ಅಂತ ಕಾಲ್ ಸೆಂಟರ್‌ಗೆ ಸುಳ್ಳು ಕರೆಗಳ ಮಳೆ ಸುರಿಸಿದ್ದರು. ಯಾವ ನಿರ್ದೇಶಕ ಬೇಕಾದರೂ ಎತ್ತಿಕೊಳ್ಳುವ ದೃಶ್ಯ. ಆದರೆ ಇದಕ್ಕೂ ಮೊದಲು ದಾಳಿಕೋರರು ಆರು ತಿಂಗಳಿಗೂ ಹೆಚ್ಚು ಒಳಗಿದ್ದರು. ಹೊಕ್ಕಿದ್ದು ಇಮೇಲ್‌ನಲ್ಲಿ ಬಂದ ವರ್ಡ್ ಫೈಲ್‌ನಿಂದ. ಆ ಒಂದು ಸಂಜೆಯನ್ನು ಮಾತ್ರ ತೋರಿಸಿದರೆ ಅದು ಮಾಟ ಅನ್ನಿಸುತ್ತದೆ. ಆರು ತಿಂಗಳನ್ನೂ ತೋರಿಸಿದರೆ, ತಡೆಯಲು ಎಷ್ಟೊಂದು ಅವಕಾಶಗಳಿದ್ದವು ಅಂತ ಕಾಣುತ್ತದೆ.

ನನ್ನ ಸಂಕಟ ಇರುವುದು ಇಲ್ಲೇ. ಹಣ ಕಳೆದುಕೊಂಡವರು ನನ್ನ ಹತ್ತಿರ ಬಂದು ‘ಯಾರೋ ಹ್ಯಾಕ್ ಮಾಡಿಬಿಟ್ಟರು, ಅಂಥವರ ಮುಂದೆ ನಾವೆಲ್ಲಿ’ ಅನ್ನುತ್ತಾರೆ. ಸಿನಿಮಾದ ಜಾದೂಗಾರ ತಲೆಯಲ್ಲಿ ಕೂತಿದ್ದಾನೆ. ಅವರಿಗೆ ಆಗಿರುವುದು ಒಂದು ಫೋನ್ ಕರೆ, ಒಂದು ಒಟಿಪಿ. ಡಿಜಿಟಲ್ ಅರೆಸ್ಟ್ ಅಂತ ಹೆದರಿಸುವವರಂತೂ ಹ್ಯಾಕಿಂಗ್ ಮಾಡುವುದೇ ಇಲ್ಲ. ಪೊಲೀಸ್ ಸಮವಸ್ತ್ರ ಹಾಕಿ, ಹಿಂದೆ ಠಾಣೆಯ ಹಾಗೆ ಗೋಡೆ ಕಟ್ಟಿ, ವಿಡಿಯೊ ಕಾಲ್‌ನಲ್ಲಿ ನಾಟಕ ಆಡುತ್ತಾರೆ. ಭಾರತದ ಸರಣಿಗಳಲ್ಲಿ 2020ರ ‘ಜಾಮ್‌ತಾರಾ’ ನನಗೆ ಹಿಡಿಸಿದ್ದು ಅದಕ್ಕೇ. ಅಲ್ಲಿ ಹಸಿರು ಅಕ್ಷರಗಳಿಲ್ಲ. ಜಾರ್ಖಂಡಿನ ಸಣ್ಣ ಊರಿನ ಹುಡುಗರು, ಒಂದು ಮೊಬೈಲ್, ನಯವಾದ ಮಾತು. ಇಂಥ ಮೋಸವಾದರೆ ತಕ್ಷಣ 1930ಕ್ಕೆ ಕರೆ ಮಾಡಬೇಕು. ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆಯಲು ಸಾಧ್ಯವಾಗುವುದು ಆ ಮೊದಲ ಗಂಟೆಗಳಲ್ಲಿ. ನಾಚಿಕೆಯಿಂದ ಎರಡು ದಿನ ಸುಮ್ನೆ ಕೂತವರಿಗೆ ಸಹಾಯ ಮಾಡುವುದು ಬಹಳ ಕಷ್ಟ.

ಕೊನೆಗೆ ನಿಮ್ಮ ಮಗನ ವಿಷಯ. ಸಿನಿಮಾ ನೋಡಿ ಆಸೆ ಹುಟ್ಟಿದ್ದರೆ ಅದರಲ್ಲಿ ತಪ್ಪೇನಿಲ್ಲ, ಈ ಕ್ಷೇತ್ರದಲ್ಲಿ ಬಹಳ ಜನ ಬಂದಿದ್ದು ಹಾಗೇ. ಎರಡು ಮಾತು ಹೇಳಿ. ಒಪ್ಪಿಗೆ ಇಲ್ಲದೆ ಬೇರೆಯವರ ಕಂಪ್ಯೂಟರ್, ವೈಫೈ, ಖಾತೆ ಮುಟ್ಟಬಾರದು. ‘ಸುಮ್ನೆ ಟ್ರೈ ಮಾಡಿದೆ’ ಅಂದರೂ ಬಚಾವಾಗುವುದು ಕಷ್ಟ. ಐಟಿ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಎರಡನೆಯದು, ಟೈಪಿಂಗ್ ವೇಗ ಬೇಡ, ಲಿನಕ್ಸ್ (ವಿಂಡೋಸ್ ಥರದ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಮತ್ತು ನೆಟ್‌ವರ್ಕಿಂಗ್‌ನ ಬುನಾದಿ ಬೇಕು. ಇಂಗ್ಲಿಷಿನಲ್ಲೋ ಕನ್ನಡದಲ್ಲೋ ಚೆನ್ನಾಗಿ ವರದಿ ಬರೆಯಲು ಬರಬೇಕು. ನನ್ನ ಕೆಲಸದ ದೊಡ್ಡ ಪಾಲು ಬರೆಯುವುದೇ.

ಈ ರಜೆಯಲ್ಲಿ ಓವರ್‌ದವೈರ್ ಅನ್ನುವ ತಾಣದಲ್ಲಿರುವ ‘ಬ್ಯಾಂಡಿಟ್’ ಆಟ ಆಡಲಿ. ಹಣ ಕೊಡಬೇಕಾಗಿಲ್ಲ, ಕಲಿಯಲೆಂದೇ ಇಟ್ಟಿರುವ ಕಂಪ್ಯೂಟರ್, ಕಾನೂನಿನ ತೊಂದರೆಯೂ ಇಲ್ಲ. ಶುರುವಿನಲ್ಲಿ ಒಂದು ಫೈಲ್ ತೆರೆದು ಅದರೊಳಗಿನ ಪಾಸ್‌ವರ್ಡ್ ಓದಿದರೆ ಸಾಕು, ಅದು ಮುಂದಿನ ಹಂತದ ಕೀ. ಹಂತ ಹಂತಕ್ಕೂ ಕಷ್ಟವಾಗುತ್ತಾ ಹೋಗುತ್ತದೆ. ಎಲ್ಲೋ ಒಂದು ಕಡೆ ಸಂಜೆಯಿಡೀ ಸಿಕ್ಕಿಹಾಕಿಕೊಳ್ಳುತ್ತಾನೆ, ಏನು ಮಾಡಿದರೂ ಆಗುವುದಿಲ್ಲ. ಮಾರನೇ ದಿನ ಬೆಳಗ್ಗೆ ಯಾರೂ ಹೇಳದೆ ಮತ್ತೆ ಅದೇ ಹಂತಕ್ಕೆ ಬಂದು ಕೂತರೆ, ಧೈರ್ಯವಾಗಿ ಓದಿಸಿ.